ಹಾಡಿಗೂ ಓಣಿ ಹಂಚಬೇಕೇ?

ಪ್ರತಿಭಾ ಕಾರಂಜಿ ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಬಸವನ ಬಾಗೇವಾಡಿ ಕಡೆಯ ಹೂವಿನ ಹಿಪ್ಪರಗಿಯಂಥ ಊರಿನ ಸರಕಾರಿ ಪ್ರೌಢಶಾಲೆಯ ಹುಡುಗಿಗೂ ಅದು ರಾಜ್ಯಮಟ್ಟದ ವೇದಿಕೆಯ ದಾರಿ ತೆರೆದಿದೆ. ಕವ್ವಾಲಿ, ಗಜಲ್, ಜನಪದ ಗೀತೆ, ಧಾರ್ಮಿಕ ಪಠಣ ಒಂದೇ ಪಟ್ಟಿಯಲ್ಲಿರುವುದೂ ಸಣ್ಣ ಸಂಗತಿಯಲ್ಲ.

ಆದರೆ ಇಂಥ ಸ್ಪರ್ಧೆಗಳ ಮುಂದೆ ಕುಳಿತಾಗಲೆಲ್ಲ ನನಗೊಂದು ಕೊರಗು ಉಳಿಯುತ್ತದೆ. ಸಂಸ್ಕೃತ ಪಠಣಕ್ಕೆ ಒಂದು ಓಣಿಯ ಮಕ್ಕಳು, ಅರಬ್ಬಿ ಪಠಣಕ್ಕೆ ಇನ್ನೊಂದು ಓಣಿಯವರು. ಕವ್ವಾಲಿಗೆ ಟೋಪಿ, ಜನಪದಕ್ಕೆ ಇಳಕಲ್ ಸೀರೆ. ಹಾಜರಿ ಪುಸ್ತಕದ ಹೆಸರು ನೋಡಿ ಹಾಡು ಹಂಚಿದ ಹಾಗೆ! ಆ ಹಾಡಾದರೂ ಮೊಬೈಲಿನಿಂದ ಬಾಯಿಪಾಠ ಮಾಡಿದ್ದು. ಗೆಲ್ಲಬಲ್ಲ ನಾಲ್ವರಿಗೆ ತಾಲೀಮು, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ.

ಇದೇ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರನ್ನು ನೆನೆಯಿರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಮುಂತಾದವರ ಬಳಗ ಅದು. ಹೆಣ್ಣುಮಕ್ಕಳ ಬಾಯಲ್ಲಿದ್ದ ಬೀಸುವ ಕಲ್ಲಿನ ಪದಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಧೂಲಾಸಾಹೇಬರಿಗೆ ಆ ಪದಗಳು ಪರರದೆನಿಸಲಿಲ್ಲ. ನಮ್ಮ ಭಾಗದ ಮೊಹರಂ ಹೆಜ್ಜೆಮೇಳದಲ್ಲಿ ಕರ್ಬಲಾದ ಕಥೆಯನ್ನು ಹಿಂದೂ ರೈತರೂ ಕನ್ನಡದಲ್ಲೇ ಹಾಡುತ್ತಾರೆ. ಊರು ಬೆರೆಸಿದ್ದನ್ನು ಶಾಲೆ ಬೇರ್ಪಡಿಸುವುದು ಸರಿಯೇ?

ಸ್ಪರ್ಧೆ ಇರಲಿ. ಅದಕ್ಕೂ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿ ತನ್ನದಲ್ಲದ ಓಣಿಗೆ ಹೋಗಿ, ಅಲ್ಲಿಯ ಅಜ್ಜಿಯೊಬ್ಬಳಿಂದ ಒಂದು ಪದ ಕೇಳಿ ಬರೆದುಕೊಂಡು ಬರಲಿ. ಬಹುಮಾನ ಬಾರದ ಮಗುವಿಗೂ ಆಗ ಒಂದು ಮನೆಯ ಪರಿಚಯವಾದರೂ ಆಗಿರುತ್ತದೆ.