ಕಲಘಟಗಿ ತೊಟ್ಟಿಲು: ಚಳಿ ತಡೆಯುವುದು ಯಾವುದು?

ಕಲಘಟಗಿಯ ತೊಟ್ಟಿಲನ್ನು ಹೊಗಳುವವರು ಅದರ ಬಣ್ಣವನ್ನು ಹೊಗಳುತ್ತಾರೆ. ತೇಗದ ಹಲಗೆ, ಅರಗಿನ ಬಣ್ಣ, ಪುರಾಣದ ಚಿತ್ರ – ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದು ಕೂಸು ಮಲಗುವ ಸಾಧನ; ಅದರ ತಳದ ಮಾತು ಬರುವುದು ಅಪರೂಪ.

ತಳ ಏಕೆ ಮುಖ್ಯ? ಹಿಮ ಬೀಳುವ ಬೆಟ್ಟಗಳಲ್ಲಿ ಗುಂಪಾಗಿ ಹೋಗಿ, ಮರಗಳ ನಡುವೆ ಹ್ಯಾಮಕ್ ಎಂಬ ಬಟ್ಟೆಯ ಜೋಲಿ ಕಟ್ಟಿ ಮಲಗುವ ಚಾರಣಿಗರನ್ನು ಗಮನಿಸಿ. ಅವರಿಗೆ ಚಳಿ ಹತ್ತುವುದು ಬೆನ್ನಿನಿಂದ. ಮಲಗುಚೀಲ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿಯಿಂದ. ಮೈಭಾರಕ್ಕೆ ಬೆನ್ನಡಿಯ ಭಾಗ ಚಪ್ಪಟೆಯಾಗುತ್ತದೆ. ಕೆಳಗೆ ಬೀಸುವ ಗಾಳಿ ಶಾಖವನ್ನು ಒಯ್ಯುತ್ತದೆ. ಆದ್ದರಿಂದಲೇ ಜೋಲಿಯ ಹೊರಗೆ, ಭಾರ ಬೀಳದಂತೆ, ಇನ್ನೊಂದು ರಜಾಯಿ ತೂಗುಹಾಕುತ್ತಾರೆ. ಗುಂಪಿದ್ದೂ ಪ್ರಯೋಜನ ಕಡಿಮೆ: ಒಂದೇ ಡೇರೆಯಲ್ಲಿ ಒತ್ತಾಗಿ ಮಲಗಿದವರಂತೆ ಒಬ್ಬರ ಶಾಖ ಇನ್ನೊಬ್ಬರಿಗೆ ಸಿಗದು.

ಈಗ ತೊಟ್ಟಿಲಿಗೆ ಬನ್ನಿ. ಹಲಗೆ ಗಾಳಿಯನ್ನು ತಡೆಯುತ್ತದೆ. ಅಷ್ಟು ಅಂಕ ಅದಕ್ಕೆ ಕೊಡಬೇಕು. ಆದರೆ ನಿಶ್ಚಲ ಗಾಳಿಯ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 0.025 ವ್ಯಾಟ್, ತೇಗದ್ದು ಅದರ ಐದು ಪಟ್ಟಿಗಿಂತ ಹೆಚ್ಚು. ಬೆಚ್ಚಗಿಡುವ ಕೆಲಸ ಹೆಚ್ಚಾಗಿ ಹಾಸಿದ ಕೌದಿಯದು. ಹಳೆಯ ಸೀರೆ, ಧೋತರಗಳ ಪದರಗಳ ನಡುವೆ ಗಾಳಿ ನಿಲ್ಲುತ್ತದೆ. ಕೂಸು ಹಗುರವಾದ್ದರಿಂದ ಅವು ಪೂರ್ತಿ ಅದುಮಿಹೋಗುವುದಿಲ್ಲ. ಚಿತ್ರ ಬರೆದವರಿಗೆ ಸಿಗುವ ಮೆಚ್ಚುಗೆಯಲ್ಲಿ ಕೌದಿ ಹೊಲಿದ ಅಜ್ಜಿಗೂ ಪಾಲಿದೆ!

ಶಾಲೆಯಲ್ಲಿ ಪರೀಕ್ಷಿಸಿ. ಒಂದೇ ಅಳತೆಯ ಮೂರು ಬಾಟಲಿಗಳಿಗೆ ಬಿಸಿನೀರು ತುಂಬಿ. ಎರಡನ್ನು ಬಟ್ಟೆಯ ಜೋಲಿಗಳಲ್ಲಿ ಮಲಗಿಸಿ, ಒಂದರ ತಳಕ್ಕೆ ಮಾತ್ರ ಕೌದಿ ಕಟ್ಟಿ. ಮೂರನೆಯದನ್ನು ಬರಿಯ ಹಲಗೆಯ ಮೇಲಿಡಿ. ಫ್ಯಾನ್ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ.