ಮಕ್ಕಳ ಕೈಗೆ ಕೊಡುವ ಪುಸ್ತಕಗಳು

ಕಾವ್ಯವನ್ನು ವಿಮರ್ಶಿಸುವವರು ನಮ್ಮಲ್ಲಿ ಬಹುಮಂದಿ ಉಂಟು. ಪುಸ್ತಕಗಳ ಆಯ್ಕೆಯನ್ನು ವಿಮರ್ಶಿಸುವವರು ವಿರಳ. ಆದರೆ ಗೃಹಸ್ಥನು ಒಂದು ಪುಸ್ತಕವನ್ನು ಕೊಂಡು ಇನ್ನೊಂದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವಾಗ ಅವನೂ ವಿಮರ್ಶಕನೇ ಆಗುತ್ತಾನೆ. ಪಂಡಿತರ ತೀರ್ಪು ಪತ್ರಿಕೆಯಲ್ಲಿ ಅಚ್ಚಾಗಿ ಮರೆತುಹೋಗಬಹುದು. ಈತನ ತೀರ್ಪು ಮಗುವಿನ ಮನಸ್ಸಿನಲ್ಲಿ ಅಚ್ಚಾಗಿ ಬಹುಕಾಲ ಉಳಿಯುತ್ತದೆ. ನಮ್ಮ ತಲಕಾಡು, ತಿರುಮಕೂಡಲು, ನಂಜನಗೂಡಿನ ಸೀಮೆಯಲ್ಲಿ ಒಂದೇ ಪಾಠಶಾಲೆಯಲ್ಲಿ ಕುಳಿತು ಓದುವ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಉರ್ದು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳ ಬಾಗಿಲು ಶುಲ್ಕವಿಲ್ಲದೆ ತೆರೆಯಿತು. ಬಾಗಿಲು ತೆರೆದ ಮೇಲೆ ಒಳಗೆ ಏನಿರಬೇಕೆಂಬುದು ಮುಂದಿನ ಪ್ರಶ್ನೆ. ಹಿಂದೂ ಮನೆಯ ಮಗುವಿಗೂ ಮುಸಲ್ಮಾನ ಮನೆಯ ಮಗುವಿಗೂ ಒಪ್ಪುವಂತೆ ಪುಸ್ತಕಗಳನ್ನು ಆರಿಸುವುದು ಹೇಗೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ ಐಕಮತ್ಯವನ್ನು ಬೋಧಿಸುವ ಪುಸ್ತಕ. ಅದರಲ್ಲಿ ರಾಮನೆಂಬ ಹುಡುಗನಿರುತ್ತಾನೆ, ರಹೀಮನೆಂಬ ಹುಡುಗನಿರುತ್ತಾನೆ; ಇಬ್ಬರೂ ಹಬ್ಬದ ದಿನ ಸಿಹಿಯನ್ನು ಹಂಚಿಕೊಳ್ಳುತ್ತಾರೆ; ಕೊನೆಗೆ ಉಪಾಧ್ಯಾಯರು ಬಂದು ನೀತಿಯನ್ನು ಹೇಳುತ್ತಾರೆ. ಉದ್ದೇಶ ಒಳ್ಳೆಯದು, ಕಥೆ ಮಾತ್ರ ನಿರ್ಜೀವ. ಶಾಸ್ತ್ರವು ಪ್ರಭುವಿನಂತೆ ಅಪ್ಪಣೆ ಮಾಡುತ್ತದೆ, ಪುರಾಣವು ಮಿತ್ರನಂತೆ ಬುದ್ಧಿ ಹೇಳುತ್ತದೆ, ಕಾವ್ಯವು ಕಾಂತೆಯಂತೆ ರಸದಿಂದ ಒಲಿಸಿಕೊಳ್ಳುತ್ತದೆ ಎಂದು ಮಮ್ಮಟನು ಉಪದೇಶದಲ್ಲಿ ಮೂರು ಬಗೆಯನ್ನು ಹೇಳಿದನಷ್ಟೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆಯಲ್ಲಿಯೇ ನಿಂತುಹೋಗಿವೆ. ಇಂಥ ಪುಸ್ತಕದಲ್ಲಿ ರಹೀಮನಿಗೆ ಹಬ್ಬವುಂಟು, ಟೋಪಿಯುಂಟು. ಹಸಿವಿಲ್ಲ, ಹಟವಿಲ್ಲ, ತಂಗಿಯೊಡನೆ ಜಗಳವಿಲ್ಲ. ಹಿಂದೂ ಮನೆಯ ಮಗು ಅವನನ್ನು ನೆಂಟನಂತೆ ಕಾಣುತ್ತದೆ. ಮುಸಲ್ಮಾನ ಮನೆಯ ಮಗು ತನ್ನನ್ನು ಅವನಲ್ಲಿ ಕಾಣದೆ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಪ್ರೇಮಚಂದರ ‘ಈದ್ಗಾ’ ಎಂಬ ಸಣ್ಣ ಕಥೆಯನ್ನು ನೋಡಬಹುದು. ತಂದೆತಾಯಿಗಳಿಲ್ಲದ ಹಮೀದನು ಮೂರು ಪೈಸೆಯನ್ನು ಹಿಡಿದು ಹಬ್ಬದ ಜಾತ್ರೆಗೆ ಹೋಗುತ್ತಾನೆ. ಜೊತೆಯ ಹುಡುಗರು ಮಣ್ಣಿನ ಬೊಂಬೆಗಳನ್ನೂ ಮಿಠಾಯಿಯನ್ನೂ ಕೊಳ್ಳುತ್ತಾರೆ. ಇವನು, ರೊಟ್ಟಿ ಸುಡುವಾಗ ಅಜ್ಜಿಯ ಬೆರಳು ಬೇಯುವುದನ್ನು ನೆನೆದು, ಕಬ್ಬಿಣದ ಇಕ್ಕಳವನ್ನು ತರುತ್ತಾನೆ. ಅಜ್ಜಿ ಅಮೀನಾ ಮೊದಲು ಗದರಿ ಆಮೇಲೆ ಅಳುತ್ತಾಳೆ. ಇಲ್ಲಿ ರಂಜಾನ್ ಎಂದರೇನೆಂಬ ಪಾಠವಿಲ್ಲ, ಐಕಮತ್ಯವೆಂಬ ಮಾತೇ ಇಲ್ಲ. ಆದರೂ ನಮ್ಮ ತೇರಿನ ಬೀದಿಯಲ್ಲಿ ಕಾಸನ್ನು ಬಿಗಿಹಿಡಿದು ನಿಂತ ಯಾವ ಮಗುವೂ ಹಮೀದನ ಕಷ್ಟವನ್ನು ಅರಿಯದೆ ಇರದು. ಆಲಂಕಾರಿಕರು ಸಾಧಾರಣೀಕರಣವೆಂದದ್ದು ಇದನ್ನೇ: ಒಬ್ಬನ ಭಾವವು ಒಬ್ಬನದಾಗಿ ನಿಲ್ಲದೆ ಸಹೃದಯರೆಲ್ಲರದೂ ಆಗುವುದು. ಬರೆದವರು ಹಿಂದೂ ಮನೆತನದವರು. ಅದರಂತೆಯೇ, ಬೊಳುವಾರು ಮಹಮದ್ ಕುಂಞಿಯವರು ಗಾಂಧೀಜಿಯವರ ಬಾಳನ್ನು ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಬರೆದವನ ಮತವನ್ನು ನೋಡಿ ಪುಸ್ತಕವನ್ನು ಆರಿಸತಕ್ಕದ್ದಲ್ಲವೆಂಬುದಕ್ಕೆ ಈ ಎರಡು ದೃಷ್ಟಾಂತಗಳು ಸಾಕು. ಕಥೆಯ ನಡುವೆ ನಿಂತಿರುವವನು ಜೀವವುಳ್ಳ ಮನುಷ್ಯನೋ ಅಲ್ಲವೋ ಎಂಬುದೇ ಪರೀಕ್ಷೆ.

ಎಳೆಯರಿಗೆ ಮೊದಲು ಕೊಡತಕ್ಕ ಪುಸ್ತಕ ಯಾವುದೆಂದರೆ ಪಂಚತಂತ್ರವೆನ್ನುವೆನು. ಇದನ್ನು ಹಳೆಯ ಪಾಠಶಾಲೆಯವನ ಅಭಿಮಾನವೆಂದು ತಳ್ಳಿಬಿಡಬಾರದು. ಈ ಗ್ರಂಥವು 6ನೆಯ ಶತಮಾನದಲ್ಲಿ ಪಾರಸಿಕ ದೇಶಕ್ಕೆ ಹೋಗಿ ಪಹ್ಲವಿ ಭಾಷೆಗೆ ಇಳಿಯಿತು. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನು ಅದನ್ನು ಅರಬ್ಬಿಗೆ ತಂದನು. ನಮ್ಮ ಕರಟಕ ದಮನಕರು ಅಲ್ಲಿ ಕಲೀಲ ದಿಮ್ನರಾದರು. ಆ ಅರಬ್ಬೀ ಗ್ರಂಥದಿಂದಲೇ ಯೂರೋಪಿನ ಭಾಷೆಗಳಿಗೆ ಕಥೆಗಳು ಹರಿದುವು. ಕನ್ನಡದಲ್ಲಿ ದುರ್ಗಸಿಂಹನು ಸುಮಾರು 1031ರಲ್ಲಿ ಇದನ್ನು ಚಂಪುವಾಗಿ ರಚಿಸಿದನು. ಅವನು ಅನುಸರಿಸಿದ ವಸುಭಾಗನ ಪರಂಪರೆಯು ತನ್ನ ಮೂಲವನ್ನು ಗುಣಾಢ್ಯನ ಬೃಹತ್ಕಥೆಯಲ್ಲಿ ಹೇಳಿಕೊಳ್ಳುತ್ತದೆ. ಆ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವನು ತಲಕಾಡಿನ ಗಂಗವಂಶದ ದುರ್ವಿನೀತನೆಂದು ಶಾಸನಗಳು ಹೊಗಳುತ್ತವೆ. ಹೀಗಿರಲಾಗಿ ಈ ಕಥೆಗಳು ಯಾರ ಮನೆಯವು? ಕಾವೇರೀತೀರದವನೂ ತನ್ನವೆನ್ನಬಹುದು, ಬಾಗ್ದಾದಿನವನೂ ತನ್ನವೆನ್ನಬಹುದು. ಮುಸಲ್ಮಾನ ಮನೆಯ ಮಗುವಿಗೆ ಪಂಚತಂತ್ರವನ್ನು ಕೊಡುವಾಗ ಈ ಪ್ರಯಾಣವನ್ನೂ ಕೂಡಿಸಿ ಹೇಳಿದರೆ, ಅದಕ್ಕೆ ಕೊಟ್ಟದ್ದು ಎರವಲಿನ ವಸ್ತುವಾಗದೆ ಪಿತ್ರಾರ್ಜಿತದ ಪಾಲಾಗುತ್ತದೆ.

ನಮ್ಮ ಸೀಮೆಯಲ್ಲಿಯೇ ಇನ್ನೊಂದು ಕಥೆಯುಂಟು. ಟೀಪು ಸುಲ್ತಾನನ ಆನೆಗೆ ಕಣ್ಣು ಕೆಟ್ಟಿತೆಂದೂ, ನಂಜನಗೂಡಿನ ಶ್ರೀಕಂಠೇಶ್ವರನಿಗೆ ಪೂಜೆ ಮಾಡಿಸಲು ವಾಸಿಯಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಐತಿಹ್ಯ. ಹಕೀಮನೆಂದರೆ ವೈದ್ಯ, ತಲಕಾಡಿನ ನಮ್ಮ ದೇವರ ಹೆಸರೂ ವೈದ್ಯೇಶ್ವರನೇ. ಎರಡು ಭಾಷೆಗಳಲ್ಲಿ ಭಕ್ತಿಗೆ ದೊರೆತ ಮಾತು ಒಂದೇ! ಇಂಥದನ್ನು ಮಕ್ಕಳಿಗಾಗಿ ಬರೆಯುವವರು ಎರಡನ್ನು ನೆನಪಿನಲ್ಲಿಡಬೇಕು. ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು. ಚರಿತ್ರೆಯ ವೇಷವನ್ನು ಹಾಕಕೂಡದು. ಮತ್ತು ಆನೆಯನ್ನು ಮರೆತು ವ್ಯಾಖ್ಯಾನಕ್ಕೆ ಇಳಿಯಕೂಡದು. ಮಗುವಿಗೆ ಬೇಕಾದದ್ದು ಆನೆ.

ಹದಿಹರೆಯದವರ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಕನ್ನಡದ ಶ್ರೇಷ್ಠ ಕಾದಂಬರಿಗಳಲ್ಲಿ ಒಂದು. ತಂದೆಯ ಹಟಕ್ಕೂ ತಲಾಖಿನ ಕಟ್ಟಿಗೂ ಸಿಕ್ಕಿದ ನಾದಿರಾಳ ದುರಂತವನ್ನು ಓದಿ ಕರಗದವರಿಲ್ಲ. ಆದರೆ ಹದಿನಾರರ ಹಿಂದೂ ಹುಡುಗನು ಮುಸಲ್ಮಾನರ ಬಾಳಿನ ಬಗ್ಗೆ ಇದೊಂದನ್ನೇ ಓದಿದರೆ, ಆ ಸಮಾಜದಲ್ಲಿ ಕಣ್ಣೀರಲ್ಲದೆ ಬೇರೇನೂ ಇಲ್ಲವೆಂದು ಬಗೆಯುವನು. ಸಂಸ್ಕಾರವೊಂದನ್ನೇ ಓದಿ ಬ್ರಾಹ್ಮಣರ ಬಾಳನ್ನೆಲ್ಲ ಅಳೆದಂತೆ ಆಯಿತು ಅದು. ದೋಷವು ಕಾದಂಬರಿಯದಲ್ಲ, ಒಂಟಿಯಾಗಿ ಕೊಟ್ಟವರದು. ಅದರ ಪಕ್ಕದಲ್ಲಿ ವೈಕಂ ಮಹಮ್ಮದ್ ಬಷೀರರ ನಗೆಯಿರಲಿ. ನಿಸಾರ್ ಅಹಮದರ (1936–2020) ಕವಿತೆಯಿರಲಿ. ಕಯ್ಯೂರಿನ ರೈತರ ಹೋರಾಟವನ್ನು ಕುರಿತ ನಿರಂಜನರ ‘ಚಿರಸ್ಮರಣೆ’ಯಿರಲಿ. 1943ರಲ್ಲಿ ಗಲ್ಲಿಗೇರಿದ ಆ ನಾಲ್ವರಲ್ಲಿ ಅಬೂಬಕ್ಕರನೂ ಒಬ್ಬನೆಂಬುದನ್ನು ತರುಣರು ತಿಳಿಯಲಿ. ನಾಲ್ಕು ದಿಕ್ಕಿನಿಂದ ದೀಪವಿಟ್ಟರೆ ಮುಖವು ಮುಖವಾಗಿ ಕಾಣುತ್ತದೆ.

ಮುಸಲ್ಮಾನ ಗೃಹಸ್ಥರಿಗೆ ಕನ್ನಡದ ಪುಸ್ತಕಗಳಲ್ಲಿ ಆದರವಿಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬವರು ಕೂಲಿಯ ದುಡಿಮೆಯಿಂದ ಸಾರ್ವಜನಿಕರಿಗಾಗಿ ಪುಸ್ತಕಾಲಯವೊಂದನ್ನು ನಡೆಸುತ್ತಿದ್ದರು. 2021ರ ಏಪ್ರಿಲಿನಲ್ಲಿ ಅದು ಬೆಂಕಿಗೆ ಆಹುತಿಯಾದಾಗ ಸುಟ್ಟುಹೋದ ಸುಮಾರು 11,000 ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. ಅವುಗಳಲ್ಲಿ ಭಗವದ್ಗೀತೆಯ ಪ್ರತಿಗಳೂ ಇದ್ದುವು. ಆ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಆದರವು ಅಲ್ಲಿದೆ, ಔಚಿತ್ಯವು ನಮ್ಮಲ್ಲಿರಬೇಕು. ಪೈಗಂಬರರ ಚರಿತ್ರೆಯನ್ನು ಆರಿಸುವಾಗ ಅವರ ಚಿತ್ರವಿಲ್ಲದ ಪುಸ್ತಕವನ್ನು ಆರಿಸುವುದು, ಮತವನ್ನು ಹೀಯಾಳಿಸುವ ಕಥೆಯನ್ನು ಕಪಾಟಿನಿಂದ ದೂರವಿಡುವುದು, ಅಮ್ಮಿ, ಅಬ್ಬಾ, ನಮಾಜು ಎಂಬ ಮನೆಮಾತುಗಳು ಕನ್ನಡದ ವಾಕ್ಯದಲ್ಲಿ ಸಂಕೋಚವಿಲ್ಲದೆ ಬರುವ ಪುಸ್ತಕವನ್ನು ಹುಡುಕುವುದು—ಇವು ದೊಡ್ಡ ಕೆಲಸಗಳೇನೂ ಅಲ್ಲ. ಜಮೀನು, ಅರ್ಜಿ, ವಕೀಲ, ತಾಲ್ಲೂಕುಗಳನ್ನು ಒಳಗಿಟ್ಟುಕೊಂಡ ಕನ್ನಡಕ್ಕೆ ಅಮ್ಮಿ ಭಾರವಾಗಲಾರಳು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತು. ಆ ವರ್ಷ ಆಕೆ ಮೈಸೂರು ದಸರೆಯನ್ನು ಉದ್ಘಾಟಿಸಕೂಡದೆಂಬ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ತಿರಸ್ಕೃತವಾಯಿತು. ಸೆಪ್ಟೆಂಬರ್ 22ರಂದು ಉದ್ಘಾಟನೆ ನಡೆಯಿತು. ಅಂದು ಆ ಕಡೆ ವಾದಿಸಿದವರ ಮನೆಗಳಲ್ಲಿಯೂ, ಈ ಕಡೆ ವಾದಿಸಿದವರ ಮನೆಗಳಲ್ಲಿಯೂ ಆಕೆಯ ಪುಸ್ತಕ ಎಷ್ಟು ಇದ್ದುವು? ಓದದೆ ಒಪ್ಪುವುದೂ ಓದದೆ ಒಲ್ಲೆನೆಂಬುದೂ ನನ್ನ ದೃಷ್ಟಿಗೆ ಒಂದೇ ಜಾತಿಯವು. ಇದಕ್ಕೆ ಪರಿಹಾರವು ಎಳವೆಯಲ್ಲಿಯೇ ಆಗಬೇಕು. ಸ್ವಾಧ್ಯಾಯವನ್ನು ಬಿಡಕೂಡದೆಂಬ ವಿಧಿಯು ತೈತ್ತಿರೀಯೋಪನಿಷತ್ತಿನಲ್ಲಿದೆ. ಕುರಾನಿನಲ್ಲಿ ಪೈಗಂಬರರಿಗೆ ಮೊದಲು ದೊರೆತ ಅಪ್ಪಣೆಯೇ ಓದುವುದೆಂದು ಮುಸಲ್ಮಾನರು ನಂಬುತ್ತಾರೆ. ಆದುದರಿಂದ ವಾಚಕರು ಮುಂದಿನ ಸಾರಿ ಮಕ್ಕಳಿಗಾಗಿ ಪುಸ್ತಕ ಕೊಳ್ಳುವಾಗ ಒಂದನ್ನು ತಮ್ಮ ಮನೆಯಂಥ ಮನೆಯ ಕಥೆಯಾಗಿಯೂ, ಇನ್ನೊಂದನ್ನು ನೆರೆಮನೆಯ ಕಥೆಯಾಗಿಯೂ ಆರಿಸಲಿ. ಓದಿ ಮುಗಿದ ಮೇಲೆ ಎರಡನ್ನೂ ನೆರೆಮನೆಯ ಮಗುವಿಗೆ ಕೊಡಲಿ.