ಬಿಚ್ಚಲು ಬರುವ ಹೊಲಿಗೆ

ಜನವರಿಯಲ್ಲಿ ದೊಡ್ಡ ಹೊಲಿಗೆಗೆ ಕೈ ಹಾಕಬಾರದು ಎಂಬುದು ಈ ಅಂಕಣದ ಹಳೆಯ ಹಟ. ಹೊಸ ವರ್ಷ ಬಂತೆಂಬ ಹುರುಪಿನಲ್ಲಿ ಕೌದಿ ಹಾಸಿ ಕೂತವರು ಯುಗಾದಿಯ ಹೊತ್ತಿಗೆ ಅದನ್ನು ಅರ್ಧಕ್ಕೇ ಮಡಚಿ ಅಟ್ಟಕ್ಕೇರಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಕೌದಿ ಬೇಸಿಗೆಯ ಕೆಲಸ. ಹೊಲದ ಕೆಲಸ ಮುಗಿದು, ಹಗಲು ಉದ್ದವಾಗಿ, ನಾಲ್ಕು ಜನ ಸುತ್ತ ಕೂತು ಟಾಕು ಹಾಕುವಾಗ ಅದು ಸರಾಗವಾಗಿ ಸಾಗುತ್ತದೆ. ವರ್ಷದ ಮೊದಲ ವಾರಗಳಿಗೆ ಬೇಕಾದದ್ದು ಒಂದೇ ಪಟ್ಟಿಗೆ ಮುಗಿಯುವ ಹೊಲಿಗೆ. ಊಟದ ಭಾಂಡೆ ತೊಳೆದಿಟ್ಟು ಕೂತರೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ದಾರ ಕತ್ತರಿಸಿ ಏಳುವಂತಿರಬೇಕು, ಮರುದಿನವೇ ಅದು ಬಳಕೆಗೆ ಬರಬೇಕು. ಸಡಿಲಾದ ಗುಂಡಿ, ತೂತು ಬಿದ್ದ ಜೇಬು, ದಿಂಬಿನ ಗವಸು, ರೊಟ್ಟಿ ಸುತ್ತಿಡುವ ಬಟ್ಟೆಯ ಅಂಚು. ಇವುಗಳಲ್ಲಿ ಸಿಗುವ ಸಂತೋಷ ಸಣ್ಣದೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ಸಲ ಕೈ ಹೋಗುವ ಜೇಬು ಗಟ್ಟಿಯಾಗಿದ್ದರೆ ದಿನಕ್ಕೆ ಹತ್ತು ಸಲ ಆ ನೆಮ್ಮದಿ ಸಿಗುತ್ತದೆ.

ಕಳೆದ ವಾರ ಮಾತು ಕೊಟ್ಟದ್ದು ಸಂಕ್ರಾಂತಿಯ ಕುಸುರೆಳ್ಳಿನ ಚೀಲ. ಅದನ್ನು ಮೊದಲು ಮುಗಿಸುತ್ತೇನೆ. ಗುಳೇದಗುಡ್ಡದ ಖಣದ ತುಂಡು, 6 ಇಂಚು ಅಗಲ, 15 ಇಂಚು ಉದ್ದ. ತುಂಡಿಗೆ ಅಂಚು ಇದ್ದರೆ ಅದು ಚೀಲದ ಬಾಯಿಗೆ ಬರಲಿ. ಮೊದಲು ಎರಡೂ ತುದಿಗಳನ್ನು ಒಳಕ್ಕೆ ಮಡಚಿ ಲಾಡಿ ಓಡುವ ದಾರಿ ಹೊಲಿದುಕೊಳ್ಳಿ. ಆ ದಾರಿಯ ಪಕ್ಕದ ಎಳೆ ಬಿಡುವ ಅಂಚನ್ನು ಅದಕ್ಕೂ ಮೊದಲೇ ಒಳಗೆ ಸೇರಿಸಿರಬೇಕು. ಆಮೇಲೆ ಬಟ್ಟೆಯನ್ನು ನಡುವೆ ಮಡಚಿ ಬದಿಗಳನ್ನು ಎರಡು ಸಲ ಹೊಲಿಯಿರಿ: ಒಮ್ಮೆ ಬಲಮೈ ಹೊರಗಿಟ್ಟು ಕಾಲಿಂಚಿನೊಳಗೆ, ಎಳೆಗಳನ್ನು ಕತ್ತರಿಸಿ ತಿರುವಿ ಇನ್ನೊಮ್ಮೆ ಒಳಗಿನಿಂದ. ಎರಡೂ ಸಾಲುಗಳು ಲಾಡಿಯ ದಾರಿಯ ಕೆಳಗೇ ನಿಲ್ಲಬೇಕು. ಇಷ್ಟು ಕಾಳಜಿ ಏಕೆಂದರೆ ಖಣ ಬೇಗ ಎಳೆ ಬಿಡುವ ಬಟ್ಟೆ, ಬಿಟ್ಟ ಎಳೆಗೆ ಎಳ್ಳು ಸಿಕ್ಕಿಕೊಂಡು ಕೂತರೆ ಮುಂದಿನ ಸಂಕ್ರಾಂತಿಯವರೆಗೂ ಬಿಡುವುದಿಲ್ಲ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಎಳ್ಳು ಬೀರುವುದು ನನಗೆ ಸೇರದು. ಹಬ್ಬ ಮುಗಿದ ಮೇಲೆ ಪೊಟ್ಟಣ ತಿಪ್ಪೆ ಸೇರುತ್ತದೆ, ಈ ಚೀಲ ಇನ್ನೊಬ್ಬರ ಮನೆಯಲ್ಲಿ ಗುಂಡಿಯನ್ನೋ ಏಲಕ್ಕಿಯನ್ನೋ ಹೊಟ್ಟೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬಾಳುತ್ತದೆ.

ಖಣದ ತುಂಡು ಎಲ್ಲಿಂದ ತರುವುದು? ಹೊಸ ಖಣ ಕತ್ತರಿಸಬೇಡಿ. ಮೈಗೆ ಬಿಗಿಯಾಗಿ, ಬಗಲಲ್ಲಿ ಬಣ್ಣ ಹೋಗಿ ಮೂಲೆ ಸೇರಿದ ಜಂಪರ್ ಇದ್ದೇ ಇರುತ್ತದೆ, ಅದನ್ನು ಬಿಚ್ಚಿ. ಇಲ್ಲಿಗೆ ಬಂದ ಮೇಲೆ ನನಗೆ ಚೀಲಕ್ಕಿಂತ ಈ ಬಿಚ್ಚುವ ಕೆಲಸದ ಬಗ್ಗೆಯೇ ಬರೆಯಬೇಕೆನಿಸುತ್ತಿದೆ. ಹೊಲಿಯುವುದನ್ನು ಕಲಿಸುವವರು ಊರ ತುಂಬ ಇದ್ದಾರೆ. ಬಿಚ್ಚುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ.

ಹಳೆಯ ಜಂಪರನ್ನು ತಿರುವಿ ಬಗಲ ಕೆಳಗಿನ ಹೊಲಿಗೆ ನೋಡಿ. ಒಳ್ಳೆಯ ಟೇಲರ್ ಹೊಲಿದದ್ದಾದರೆ ಅಲ್ಲಿ ಎರಡು ಮೂರು ಸಾಲು ಕಾಣಿಸುತ್ತವೆ, ಒಂದರ ಪಕ್ಕ ಒಂದು, ಅರ್ಧ ಇಂಚು ಅಂತರದಲ್ಲಿ. ಸಾಲುಗಳ ಆಚೆಗೂ ಒಂದಿಂಚು ಬಟ್ಟೆ ಬಿಟ್ಟಿರುತ್ತಾನೆ. ಮೈ ತುಂಬಿಕೊಂಡಾಗ ಒಳಗಿನ ಒಂದು ಸಾಲು ಬಿಚ್ಚಿದರೆ ಸಾಕು, ಜಂಪರ್ ಮತ್ತೆ ಮೈಗೆ ಕೂರುತ್ತದೆ. ಅವನು ಹೊಲಿಯುವಾಗಲೇ ಮುಂದಿನ ಐದಾರು ವರ್ಷಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾನೆ. ಬಿಚ್ಚುವಾಗ ದಾರವನ್ನು ಎಳೆದು ಕಿತ್ತರೆ ಬಟ್ಟೆ ಹರಿಯುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಆದ್ದರಿಂದ ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಬ್ಲೇಡಿನ ಮೂಲೆಯಿಂದ ದಾರ ಕತ್ತರಿಸುತ್ತ ಹೋಗಿ, ಬಟ್ಟೆ ತಿರುವಿ ಇನ್ನೊಂದು ಬದಿಯ ದಾರದ ತುದಿ ಹಿಡಿದು ಎಳೆಯಿರಿ. ಅಡ್ಡಿಯಿಲ್ಲದೆ ಉದ್ದಕ್ಕೂ ಬಂದುಬಿಡುತ್ತದೆ. ಆ ದಾರ ಬರುವಾಗಿನ ಸುಖವೇ ಬೇರೆ. ಸಾಲು ಬಿಚ್ಚಿಕೊಂಡಲ್ಲಿ ಬಿಸಿಲು ಕಾಣದ ಖಣದ ಬಣ್ಣ ಅಂಗಡಿಯಿಂದ ತಂದ ದಿನದಷ್ಟೇ ಗಾಢವಾಗಿ ಉಳಿದಿರುತ್ತದೆ. ನನ್ನ ಚೀಲಗಳಿಗೆ ನಾನು ಆ ಪಟ್ಟಿಯನ್ನೇ ಬಾಯಿಗೆ ಬರುವಂತೆ ಕತ್ತರಿಸುತ್ತೇನೆ.

ಬಿಚ್ಚುವ ಮಾತು ಬಂದ ಮೇಲೆ ಸೀರೆಯ ಫಾಲ್ ವಿಷಯವೂ ಬರಲೇಬೇಕು. ಈ ಜಗಳವನ್ನು ನಾನು ಹಿಂದೆಯೂ ಎತ್ತಿದ್ದೇನೆ, ಇನ್ನೂ ಬಿಟ್ಟಿಲ್ಲ. ಮ್ಯಾಚಿಂಗ್ ಸೆಂಟರುಗಳ ಹೊರಗೆ ‘ಪೀಕೋ-ಫಾಲ್, ಹತ್ತು ನಿಮಿಷದಲ್ಲಿ’ ಎಂಬ ಫಲಕ ಕಂಡಾಗಲೆಲ್ಲ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಪೀಕೋ ಯಂತ್ರದಲ್ಲೇ ಆಗಲಿ, ಅದಕ್ಕೆ ನನ್ನ ತಕರಾರಿಲ್ಲ. ತುದಿಯ ಎಳೆಗಳನ್ನು ಯಂತ್ರ ಬಿಗಿಯಾಗಿ ಸುತ್ತುವಷ್ಟು ಚೊಕ್ಕವಾಗಿ ನನ್ನ ಕೈ ಸುತ್ತುವುದಿಲ್ಲ. ಆದರೆ ಫಾಲ್ ಕೈಯಲ್ಲೇ ಆಗಬೇಕು. ಫಾಲ್ ಇರುವುದು ಸೀರೆಗಿಂತ ಮೊದಲು ಸವೆಯಲಿಕ್ಕೆ. ನೆಲದ ಧೂಳು, ಕಾಲ್ಗೆಜ್ಜೆ, ಚಪ್ಪಲಿಯ ಮೂಲೆ ಎಲ್ಲವನ್ನೂ ತಾನು ತಡೆದುಕೊಂಡು, ನೆರಿಗೆಗೆ ಭಾರ ಕೊಟ್ಟು, ಕೆಲವು ವರ್ಷಗಳಲ್ಲಿ ಜೂಲುಜೂಲಾಗಿ ಅದು ಸೀರೆಯಿಂದ ಇಳಿಯಬೇಕು. ಮತ್ತೊಂದು ಬರಬೇಕು. ಹೀಗೆ ತೆಗೆಯಲೆಂದೇ ಹಚ್ಚುವ ಬಟ್ಟೆಯನ್ನು ಯಂತ್ರದ ಸಾಲಿನಿಂದ ಬಿಗಿದರೆ ಏನಾಗುತ್ತದೆ? ರೇಷ್ಮೆಯಲ್ಲಿ ಸೂಜಿ ಹೋದಲ್ಲೆಲ್ಲ ತೂತು, ಫಾಲ್ ತೆಗೆದಾಗ ಅಂಚಿನುದ್ದಕ್ಕೂ ಆ ತೂತುಗಳ ಸಾಲು. ಅದಕ್ಕೂ ಮೊದಲೇ, ಒಂದು ಸಲ ನೀರು ಕಂಡ ಹತ್ತಿಯ ಫಾಲ್ ಕುಗ್ಗುತ್ತದೆ, ಸೀರೆ ಕುಗ್ಗುವುದಿಲ್ಲ, ನಡುವೆ ಸಿಕ್ಕ ಬಿಗಿ ಹೊಲಿಗೆ ಅಂಚನ್ನು ಸುಕ್ಕುಗಟ್ಟಿಸುತ್ತದೆ.

ಆದ್ದರಿಂದ ಫಾಲನ್ನು ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಯಲು ಬಿಡಿ. ಒಣಗಿಸಿ ಇಸ್ತ್ರಿ ಮಾಡಿ. ಸುಮಾರು 3 ಮೀಟರ್ ಉದ್ದದ, 5 ಇಂಚು ಅಗಲದ ಆ ಪಟ್ಟಿಯನ್ನು ಸೀರೆಯ ಒಳಮೈ ಮೇಲೆ ಹಾಸಿ, ಕೆಳಗಿನ ಅಂಚಿಗೆ ಅಂಚು ಕೂಡಿಸಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಒಂದೆಳೆ ದಾರ ಸಾಕು, ಮೊಳಕ್ಕಿಂತ ಬಹಳ ಉದ್ದ ಬೇಡ. ರೀಲಿನಿಂದ ಮೊದಲು ಬಂದ ತುದಿಯನ್ನೇ ಸೂಜಿಗೆ ಪೋಣಿಸಿದರೆ ದಾರ ಸಿಕ್ಕಾಗುವುದು ಕಡಿಮೆ. ಗಂಟು ಹಾಕಬೇಡಿ, ಅದೇ ಜಾಗದಲ್ಲಿ ಎರಡು ಸಲ ಸೂಜಿ ಆಡಿಸಿದರೆ ದಾರ ಹಿಡಿದುಕೊಳ್ಳುತ್ತದೆ. ಕೆಳಗೆ ಸಣ್ಣ ಓಟದ ಹೊಲಿಗೆ. ಮೇಲಿನ ಅಂಚಿನಲ್ಲಿ ಹೆಮ್ಮಿಂಗ್, ಅಲ್ಲಿಯೇ ಕೈಯ ಪರೀಕ್ಷೆ: ಸೂಜಿಯ ತುದಿ ಸೀರೆಯ ಒಂದೇ ಒಂದು ಎಳೆಯನ್ನು ಎತ್ತಿ ಫಾಲಿನ ಮಡಿಕೆಯೊಳಗೆ ನುಗ್ಗಬೇಕು, ಕಾಲಿಂಚು ಒಳಗೇ ಸಾಗಿ ಹೊರಬರಬೇಕು, ಮತ್ತೆ ಒಂದೇ ಎಳೆ. ದಾರವನ್ನು ಬಿಗಿದು ಎಳೆಯಬಾರದು, ಅದು ಸುಮ್ಮನೆ ಮಲಗಿರಬೇಕು. ಬಲಮೈಯಿಂದ ನೋಡಿದರೆ ಏನೂ ಕಾಣಬಾರದು. ಹೀಗೆ ಹಾಕಿದ ಫಾಲ್ ತೆಗೆಯಲು ಸಣ್ಣ ಕತ್ತರಿ ಸಾಕು, ಸೀರೆಗೆ ಗಾಯವಾಗುವುದಿಲ್ಲ. ನಿಮಗೆ ಬಿಡುವಿಲ್ಲದಿದ್ದರೆ ಮನೆಯಲ್ಲಿ ಕೂತು ಕೈಯಿಂದ ಫಾಲ್ ಹಾಕಿಕೊಡುವ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ. ಯಂತ್ರದ ದರದೊಂದಿಗೆ ಹೋಲಿಸಿ ಅವರೊಡನೆ ಚೌಕಾಸಿ ಮಾಡಬೇಡಿ. ಒಂದು ಇಡೀ ಮಧ್ಯಾಹ್ನದ ಕಣ್ಣಿನ ಕೆಲಸ ಅದು.

ಇದೇ ಸಿಟ್ಟು ನನಗೆ ಈಗಿನ ಬೊಟೀಕ್ ಹೊಲಿಗೆಯ ಮೇಲೂ ಇದೆ. ಒಳಗಿನ ಬಟ್ಟೆಯನ್ನು ಕಾಲಿಂಚಿಗೆ ಕತ್ತರಿಸಿ ಓವರ್‌ಲಾಕ್ ಹೊಡೆದುಬಿಡುತ್ತಾರೆ. ನೋಡಲಿಕ್ಕೆ ಒಳಮೈ ಬಹಳ ನೀಟು, ಆದರೆ ಮೈ ಒಂದಿಂಚು ಬೆಳೆದರೆ ಜಂಪರಿನ ಆಯುಷ್ಯ ಮುಗಿಯಿತು. ತೋಳಿನ ಮೇಲೆ ಅಂಟು ಹಾಕಿ ಕೂರಿಸಿದ ಹರಳುಗಳನ್ನು ತೆಗೆಯಹೋದರೆ ಬಟ್ಟೆಯೇ ಕಿತ್ತು ಬರುತ್ತದೆ. ಕೊಡುವ ಮೊದಲೇ ಹೇಳಿ: ಬದಿಯಲ್ಲಿ ಒಂದಿಂಚು ಬಿಡಿ, ಸಾಲು ಎರಡು ಹಾಕಿ, ಕತ್ತರಿಸಿದ ತುಂಡುಗಳನ್ನು ನನಗೆ ಮರಳಿ ಕೊಡಿ. ಮುಖ ಸಿಂಡರಿಸಿದರೂ ಸರಿ, ಹೇಳಿ.

ನೂಲಿನ ಕೆಲಸವನ್ನು ನೆನೆಯುವಾಗಲೆಲ್ಲ ನನ್ನ ಮನಸ್ಸು 12ನೇ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಹತ್ತಿರ ಹೋಗುತ್ತದೆ. ನೂಲುವುದು ಅವಳ ಕಾಯಕ. ತಾನು ತಿರುವುವ ರಾಟೆಯ ಕುಲ ಯಾವುದೆಂದು ಅವಳೊಂದು ವಚನದಲ್ಲಿ ಅಣ್ಣಂದಿರನ್ನು ಕರೆದು ಹೇಳುತ್ತಾಳೆ. ಕೆಳಗಿನ ಹಲಗೆಯಲ್ಲಿ ಬ್ರಹ್ಮ, ತೋರಣದಲ್ಲಿ ವಿಷ್ಣು, ನಿಂತ ಬೊಂಬೆಯಲ್ಲಿ ರುದ್ರ. ಬಿಡಿಭಾಗಗಳ ಹೆಸರನ್ನು ಒಂದೊಂದಾಗಿ ಹಿಡಿದು ಅವಳು ಮೇಲೇರುವ ರೀತಿ ನನಗೆ ಬಹಳ ಇಷ್ಟ. ರಾಟೆಯ ಮುಂದೆ ಕೂತು ಕೂತು ಅದರ ಹಲಗೆ, ಅದರ ಸದ್ದು, ಅದರ ಹಟ ಎಲ್ಲವನ್ನೂ ಬಲ್ಲವಳು ಮಾತ್ರ ಹಾಗೆ ಬರೆಯಬಲ್ಲಳು. ಅದೇ ಕಾಲದ ಇನ್ನೊಬ್ಬ ಶರಣನ ಹೆಸರೇ ಸೂಜಿಕಾಯಕದ ರಾಮಿತಂದೆ. ಹಿಡಿದ ಉಪಕರಣವನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಜನ ಅವರು. ಹೊಲಿಗೆಯನ್ನು ‘ಟೈಂಪಾಸ್’ ಎನ್ನುವವರಿಗೆ ಈ ಎರಡು ಹೆಸರುಗಳನ್ನು ಹೇಳಿ.

ಸಂಕ್ರಾಂತಿ ಎಂದ ಮೇಲೆ ಕರಿ ಚಂದ್ರಕಾಳಿ ಸೀರೆ, ಅದರ ಮೇಲಿನ ಕಸೂತಿ ನೆನಪಾಗದೆ ಇರದು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಕಸೂತಿಯ ಹೊಲಿಗೆಗಳು ನಾಲ್ಕು. ಗವಂತಿಯ ಒಂದು ಗುಣವನ್ನಷ್ಟೇ ಇಂದು ಹೇಳಬೇಕು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸುತ್ತ, ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಗೋಪುರದ ತುದಿಯವರೆಗೆ ಹೋಗುತ್ತೀರಿ. ಮರಳುವಾಗ ಬಿಟ್ಟ ಜಾಗಗಳು ತುಂಬುತ್ತ ಬರುತ್ತವೆ. ಹೋಗುವಾಗ ಒಂದೆಳೆ ತಪ್ಪಿದರೆ ಮರಳುವಾಗ ದಾರಿ ಕೂಡುವುದಿಲ್ಲ. ಆಗ ಬೇರೆ ಉಪಾಯವಿಲ್ಲ, ತಪ್ಪಿದಲ್ಲಿಯವರೆಗೆ ಬಿಚ್ಚಬೇಕು. ಗಂಟೇ ಇಲ್ಲದ ಹೊಲಿಗೆಯಾದ್ದರಿಂದ ಸೂಜಿಯ ಹಿಂಬದಿಯಿಂದ ಎತ್ತಿದರೆ ದಾರ ಬಟ್ಟೆಗೆ ನೋವಾಗದಂತೆ ಬರುತ್ತದೆ. ಕಂಪ್ಯೂಟರ್ ಎಂಬ್ರಾಯ್ಡರಿಯನ್ನು ಕಸೂತಿ ಎಂದು ಮಾರುವವರು ಈಗ ಹೆಚ್ಚಾಗಿದ್ದಾರೆ. ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ನೋಡಿ. ಗವಂತಿ, ಮುರಗಿ ಎರಡೂ ಬದಿ ಒಂದೇ ರೀತಿ ಇರಬೇಕು. ಹಿಂದೆ ಬಾಬಿನ್ನಿನ ಬಿಳಿ ದಾರದ ಮುದ್ದೆಯೋ ಗರಿಗರಿ ಕಾಗದವೋ ಕಂಡರೆ ಕೆಳಗಿಟ್ಟು ಹೊರಟುಬಿಡಿ. ನೇಗಿಗೂ ಮೆಂತಿಗೂ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳ ಹಿಂಬದಿ ಬೇರೆಯೇ ಇರುತ್ತದೆ.

ಚೀಲ ಹೊಲಿದಾಯಿತು, ಇನ್ನೂ ಒಂದು ಮಧ್ಯಾಹ್ನ ಬಿಡುವಿದೆ ಎನ್ನುವವರಿಗೆ ನಾನು ಕೊಡುವ ಕೆಲಸ ಪರಕಾರದ ಮಡಿಕೆ ಬಿಚ್ಚುವುದು. ಬೆಳೆಯುವ ಹುಡುಗಿಯ ಪರಕಾರಕ್ಕೆ ಕೆಳಗೆ ಎರಡು ಮೂರು ಮಡಿಕೆ ಹಾಕಿ ಹೊಲಿಸುವ ರೂಢಿ ಇನ್ನೂ ಉಳಿದಿರುವ ಮನೆಗಳಿಗೆ ಈ ಮಾತು. ಹಬ್ಬಕ್ಕೆ ಉಡಿಸಿದಾಗ ಕಾಲಿನ ಗೆಜ್ಜೆ ಪೂರ್ತಿ ಹೊರಗೆ ಕಂಡರೆ ಒಂದು ಮಡಿಕೆ ಇಳಿಸುವ ಕಾಲ ಬಂತೆಂದು ಅರ್ಥ. ಮಗು ಒಂದು ವರ್ಷದಲ್ಲಿ ಎಷ್ಟು ಬೆಳೆಯಿತೆಂಬುದು ಆ ಮಡಿಕೆಯಲ್ಲಿ ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಿಂತ ಅದು ನನಗೆ ಹೆಚ್ಚು ಪ್ರಿಯ. ಕೆಳಗಿನ ಮಡಿಕೆಯನ್ನು ಮೊದಲು ಬಿಚ್ಚಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ. ಮಡಿಕೆಯ ಗೆರೆ ಪೂರ್ತಿ ಹೋಗುವುದಿಲ್ಲ, ಸುತ್ತಲಿನ ಬಟ್ಟೆ ಬಿಸಿಲಿಗೆ ಮಾಸಿರುತ್ತದೆ. ಅದನ್ನು ಮುಚ್ಚಲು ಸಣ್ಣ ಜರಿಪಟ್ಟಿಯನ್ನು ಗೆರೆಯ ಮೇಲೆಯೇ ಇಟ್ಟು ಎರಡೂ ಅಂಚಿಗೆ ಕೈಹೊಲಿಗೆ ಹಾಕಿ. ಬರುವ ವರ್ಷ ಮೇಲಿನ ಮಡಿಕೆ ಬಿಚ್ಚಿದಾಗ ಅಲ್ಲಿಯೂ ಇಂಥದೇ ಗೆರೆ ಕಾಣುತ್ತದೆ. ಅದಕ್ಕೇ ಪಟ್ಟಿ ತರುವಾಗ ಎರಡರಷ್ಟು ತಂದಿಡಿ, ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಅದೇ ಜರಿ ಸಿಗುವುದಿಲ್ಲ.